ಮಳೆಕಾಡು ಕಲಿಸಿದ ಪಾಠ: ಕುದುರೆಮುಖ ರಾಷ್ಟ್ರೀಯ ಉದ್ಯಾನದಲ್ಲಿ ಎರಡು ದಿನ



ಈ ಪುಟದಲ್ಲಿ ನಾನು ಸಾಮಾನ್ಯವಾಗಿ ಬೋರ್ಡೋ ದ್ರಾವಣ, ಕಾಂಡಕೊರಕ, ಸುಣ್ಣದ ಪ್ರಮಾಣ, ಸಾಲದ ಕಂತು ಇವುಗಳ ವಿಚಾರವನ್ನೇ ಬರೆಯುತ್ತಾ ಬಂದಿದ್ದೇನೆ. ಈ ಸಲ ಕಾಡಿನ ವಿಚಾರ ಬರೆಯುತ್ತಿದ್ದೇನೆ. ಕಾರ್ಯದರ್ಶಿಗೆ ಬೇರೆ ಕೆಲಸವಿಲ್ಲವೇ ಎಂದು ಯಾರೂ ಭಾವಿಸಬಾರದು. ಕೊನೆಯವರೆಗೆ ಓದಿದರೆ ಇದು ನಮ್ಮ ತೋಟದ ಲೆಕ್ಕದ ವಿಚಾರವೇ ಎಂಬುದು ತಿಳಿಯುತ್ತದೆ.

2024ರ ಅಕ್ಟೋಬರ್ ಕೊನೆಯ ವಾರ, ಮಳೆ ಹಿಂದೆ ಸರಿದು ಅರೇಬಿಕ ಕುಯ್ಲು ಇನ್ನೂ ಆರಂಭವಾಗದ ಬಿಡುವಿನಲ್ಲಿ, ನಮ್ಮ ಸಂಘದ ಹದಿನಾಲ್ಕು ಮಂದಿ ಕುದುರೆಮುಖ ರಾಷ್ಟ್ರೀಯ ಉದ್ಯಾನಕ್ಕೆ ಅಧ್ಯಯನ ಪ್ರವಾಸ ಹೋಗಿದ್ದೆವು. ಹೊರಡುವ ಮುಂಚೆ ಹಿರಿಯ ಸದಸ್ಯರೊಬ್ಬರು, "ಏನ್ ಮಾರಾಯ್ರೆ, ಮಲೆನಾಡಿನವರು ದುಡ್ಡು ಕೊಟ್ಟು ಕಾಡು ನೋಡೋಕೆ ಹೋಗೋದಾ? ನಮ್ಮ ಮನೆ ಹಿಂದೆ ಇರೋದು ಮತ್ತೇನು?" ಎಂದು ಹಾಸ್ಯ ಮಾಡಿದ್ದರು. ಹಿಂತಿರುಗಿ ಬರುವಾಗ ಅವರೇ ಜೀಪಿನಲ್ಲಿ ಬಹಳ ಹೊತ್ತು ಮಾತನಾಡದೆ ಕುಳಿತಿದ್ದರು. ನಮ್ಮ ಮನೆ ಹಿಂದೆ ಇರುವುದಕ್ಕೂ ಅಲ್ಲಿ ಕಂಡದ್ದಕ್ಕೂ ಇರುವ ವ್ಯತ್ಯಾಸ ಅವರಿಗೂ ನನಗೂ ಒಟ್ಟಿಗೇ ಅರ್ಥವಾಗಿತ್ತು.

ಸ್ಥಳ ಪರಿಚಯ

ಕುದುರೆಮುಖ ರಾಷ್ಟ್ರೀಯ ಉದ್ಯಾನವು ಚಿಕ್ಕಮಗಳೂರು, ಉಡುಪಿ ಮತ್ತು ದಕ್ಷಿಣ ಕನ್ನಡ ಜಿಲ್ಲೆಗಳಲ್ಲಿ ಹರಡಿಕೊಂಡಿದೆ. ವಿಸ್ತೀರ್ಣ ಸುಮಾರು 600 ಚದರ ಕಿಲೋಮೀಟರು. ಸರ್ಕಾರ ಇದನ್ನು ರಾಷ್ಟ್ರೀಯ ಉದ್ಯಾನವೆಂದು ಘೋಷಿಸಿದ್ದು 1987ರಲ್ಲಿ. ಕುದುರೆಯ ಮುಖದಂತೆ ಕಾಣುವ ಶಿಖರದ ಎತ್ತರ ಸಮುದ್ರಮಟ್ಟದಿಂದ ಸುಮಾರು 1890 ಮೀಟರು. 2012ರಲ್ಲಿ ಯುನೆಸ್ಕೊ ಸಂಸ್ಥೆ ಪಶ್ಚಿಮ ಘಟ್ಟದ 39 ತಾಣಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಇದೂ, ಇದರ ನೆರೆಯ ಸೋಮೇಶ್ವರ, ಆಗುಂಬೆ ಕಾಡುಗಳೂ ಅದರಲ್ಲಿ ಸೇರಿದವು.

ತುಂಗೆ ಮತ್ತು ಭದ್ರೆ ಇಲ್ಲಿಯ ಗಂಗಾಮೂಲದಲ್ಲಿ ಹುಟ್ಟುತ್ತವೆ. ನೇತ್ರಾವತಿಯೂ ಇದೇ ಬೆಟ್ಟಸಾಲಿನ ಮಗಳು. ತುಂಗೆ ಭದ್ರೆಯರು ಪೂರ್ವಕ್ಕೆ ಹರಿದು ಶಿವಮೊಗ್ಗ ಜಿಲ್ಲೆಯ ಕೂಡಲಿಯಲ್ಲಿ ಒಂದಾಗಿ, ತುಂಗಭದ್ರೆಯಾಗಿ ಕೃಷ್ಣೆಯನ್ನು ಸೇರುತ್ತಾರೆ. ನೇತ್ರಾವತಿ ಪಶ್ಚಿಮಕ್ಕಿಳಿದು ಮಂಗಳೂರಿನಲ್ಲಿ ಕಡಲು ಸೇರುತ್ತಾಳೆ. ಶೃಂಗೇರಿ, ಕೊಪ್ಪ, ತೀರ್ಥಹಳ್ಳಿಯ ಅಡಿಕೆಗೂ, ಭದ್ರಾ ಅಚ್ಚುಕಟ್ಟಿನ ಭತ್ತಕ್ಕೂ, ಮಂಗಳೂರಿನ ನಲ್ಲಿಗೂ ನೀರು ಈ ಒಂದೇ ಬೆಟ್ಟಸಾಲಿನಿಂದ ಬರುತ್ತದೆ ಎಂಬುದನ್ನು ನೆನಪಿನಲ್ಲಿಡಬೇಕು.

ಇಲ್ಲಿ ಕೆಲವು ಕಡೆ ವರ್ಷಕ್ಕೆ 7000 ಮಿಲಿಮೀಟರಿನಷ್ಟು ಮಳೆ ಬೀಳುತ್ತದೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ 275 ಇಂಚು. ಹೂಮಳೆ ಕೈಕೊಟ್ಟಾಗ ಸ್ಪ್ರಿಂಕ್ಲರಿನಲ್ಲಿ ಒಂದು ಇಂಚು ನೀರು ಕೊಡಲು ಎಕರೆಗೆ ಹೆಚ್ಚುಕಡಿಮೆ ಒಂದು ಲಕ್ಷ ಲೀಟರು ಬೇಕೆಂಬ ಲೆಕ್ಕ ಕಾಫಿ ಬೆಳೆಗಾರರಿಗೆಲ್ಲ ಗೊತ್ತು. ಅದೇ ಲೆಕ್ಕದಲ್ಲಿ ಆ ಕಾಡಿನ ಒಂದೊಂದು ಎಕರೆಗೆ ವರ್ಷಕ್ಕೆ ಎರಡೂಮುಕ್ಕಾಲು ಕೋಟಿ ಲೀಟರು ನೀರು ಬೀಳುತ್ತದೆ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ. ಇಷ್ಟು ನೀರು ಇಳಿಜಾರಿನ ಮೇಲೆ ಬಿದ್ದರೂ ಮಣ್ಣು ಕೊಚ್ಚಿಹೋಗಿಲ್ಲ. ಏಪ್ರಿಲ್‌ನಲ್ಲೂ ಹಳ್ಳ ಬತ್ತುವುದಿಲ್ಲ. ಇದು ಹೇಗೆ ಸಾಧ್ಯವಾಯಿತು ಎಂಬುದೇ ನಾವು ಕಲಿಯಬೇಕಾದ ಪಾಠ.

ಮಳೆಕಾಡಿನ ಅಂತಸ್ತುಗಳು

ಸಂಸೆ ದಾಟಿ ಕಾಡಿನೊಳಗೆ ಬಂದ ಮೇಲೆ ಇಲಾಖೆಯ ಅನುಮತಿ ಪಡೆದು, ಒಬ್ಬ ವಾಚರನ್ನು ಜೊತೆಗೆ ಕರೆದುಕೊಂಡು ನಡೆದೆವು. ಅವರು ಅದೇ ಕಾಡಿನ ಅಂಚಿನಲ್ಲಿ ಹುಟ್ಟಿ ಬೆಳೆದವರು. ನಾವೆಲ್ಲ ಕತ್ತು ಮೇಲೆತ್ತಿಕೊಂಡು ಎಡವುತ್ತಿದ್ದಾಗ ಅವರು ನಕ್ಕು, "ಸಾರ್, ಮೊದಲು ಕಣ್ಣು ಬೇಡ, ಕಿವಿ ಕೊಡಿ. ಹಣ್ಣು ಬೀಳೋ ಸದ್ದು ಬಂದ್ರೆ ಅಲ್ಲಿ ಯಾರೋ ಇದಾರೆ ಅಂತ್ಲೇ ಲೆಕ್ಕ" ಎಂದರು. ಮಳೆಕಾಡಿನಲ್ಲಿ ಪ್ರಾಣಿ ನೋಡುವ ಕ್ರಮ ಇದೇ. ಬಂಡೀಪುರ, ನಾಗರಹೊಳೆಗಳಂತೆ ಜೀಪಿನಲ್ಲಿ ಕುಳಿತು ಜಿಂಕೆಯ ಹಿಂಡು ಎಣಿಸುವ ಕಾಡು ಇದಲ್ಲ. ಇಲ್ಲಿಯ ಬದುಕಿನ ಬಹುಭಾಗ ನಮ್ಮ ತಲೆಯ ಮೇಲೆ ನಡೆಯುತ್ತದೆ.

ಮಳೆಕಾಡನ್ನು ಒಂದು ಉಪ್ಪರಿಗೆ ಮನೆಗೆ ಹೋಲಿಸಬಹುದು. ಎಲ್ಲಕ್ಕಿಂತ ಮೇಲೆ, ಅಲ್ಲೊಂದು ಇಲ್ಲೊಂದು ತಲೆಯೆತ್ತಿ ನಿಂತ ಹೆಮ್ಮರಗಳು. ಅದರ ಕೆಳಗೆ ಧೂಪ, ಹೆಬ್ಬಲಸು, ಸುರಹೊನ್ನೆ, ನೇರಳೆ ಮೊದಲಾದ ಮರಗಳ ತಲೆಗಳು ಒಂದಕ್ಕೊಂದು ತಾಗಿ ಆದ ಮುಚ್ಚಿಗೆ. ಅದರ ಕೆಳಗೆ ರಾಮಪತ್ರೆ, ಉಪ್ಪಾಗೆ, ಬೈನೆಯಂಥ ನೆರಳು ತಾಳುವ ಮರಗಳು. ಮತ್ತೆ ಕೆಳಗೆ ಬೆತ್ತ, ಬಳ್ಳಿ, ಗಿಡಗಳು. ನೆಲದಲ್ಲಿ ಜರೀಗಿಡ, ತರಗೆಲೆ, ಅಣಬೆ. ಮೇಲೆ ಬಿದ್ದ ಮಳೆಹನಿ ನೆಲ ಮುಟ್ಟುವ ಮುಂಚೆ ನಾಲ್ಕೈದು ಕಡೆ ಕೂತು ಎದ್ದು ಬರುತ್ತದೆ. ನೆಲಕ್ಕೆ ಬರುವಾಗ ಅದರ ಏಟಿನ ಜೋರು ಇಳಿದಿರುತ್ತದೆ. ಅನೇಕ ಎಲೆಗಳ ತುದಿ ಉದ್ದಕ್ಕೆ ಚೂಪಾಗಿರುವುದು ನೀರು ಬೇಗ ಜಾರಿ ಎಲೆ ಒಣಗಲೆಂದು. ಎತ್ತರದ ಮರಗಳ ಬುಡದಲ್ಲಿ ಹಲಗೆ ನಿಲ್ಲಿಸಿದಂತೆ ಇರುವ ಬೇರುಗಳು ತೆಳುಮಣ್ಣಿನಲ್ಲಿ ಮರಕ್ಕೆ ಆಸರೆ.

ಇದನ್ನು ನೋಡುತ್ತಿದ್ದಾಗ ನಮ್ಮವರಲ್ಲೊಬ್ಬರು, "ಇದು ನಮ್ಮ ಅಜ್ಜನ ಕಾಲದ ತೋಟದ ಹಾಗೇ ಇದೆಯಲ್ಲ!" ಎಂದರು. ಆ ಮಾತು ಸರಿ. ಅಡಿಕೆ, ಅದಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ನಡುವೆ ಬಾಳೆ, ಕೆಳಗೆ ಏಲಕ್ಕಿ. ಇಲ್ಲವೇ ಅತ್ತಿ, ಬಸರಿ, ಗೋಣಿ, ಹಲಸುಗಳ ಮೇಲ್ನೆರಳು, ಹಾಲುವಾಣದ ಕೆಳನೆರಳು, ಅದರಡಿ ಕಾಫಿ. ಹಿಂದಿನವರು ಯಾವ ಕಾಲೇಜಿನಲ್ಲೂ ಓದದೆ ಕಾಡಿನ ಅಂತಸ್ತುಗಳನ್ನು ತೋಟಕ್ಕೆ ಇಳಿಸಿದ್ದರು.

ಇನ್ನೊಂದು ಮುಖ್ಯ ಸಂಗತಿ. ಇಷ್ಟು ದಟ್ಟವಾದ ಕಾಡಿನ ಮಣ್ಣು ಬಹಳ ಫಲವತ್ತಾದದ್ದೆಂದು ಅನೇಕರ ನಂಬಿಕೆ. ಅದು ಸರಿಯಲ್ಲ. ಇಂಥ ಮಳೆಯಲ್ಲಿ ಮಣ್ಣಿನ ಸಾರ ತೊಳೆದುಹೋಗುತ್ತಲೇ ಇರುತ್ತದೆ. ಸಾರವೆಲ್ಲ ಇರುವುದು ಮರಗಿಡಗಳ ಮೈಯಲ್ಲಿ, ಮೇಲಿನ ಕೆಲವೇ ಇಂಚು ಕಪ್ಪುಮಣ್ಣಿನಲ್ಲಿ. ಎಲೆ ಬಿದ್ದು ಕೊಳೆತೊಡನೆ ಅಣಬೆಯ ಎಳೆಗಳೂ ಬೇರುಗಳೂ ಸಾರವನ್ನು ಹೀರಿ ಮತ್ತೆ ಮೇಲಕ್ಕೆ ಕಳುಹಿಸುತ್ತವೆ. ಬಂಡವಾಳವೆಲ್ಲ ಚಲಾವಣೆಯಲ್ಲಿದೆ, ಖಜಾನೆ ಬರಿದು. ಮರ ಕಡಿದರೆ ಎರಡು ಮೂರು ಮಳೆಗಾಲದಲ್ಲಿ ಕಲ್ಲುಜಂಬಿಟ್ಟಿಗೆ ಮೇಲೆ ಬರುವುದು ಇದೇ ಕಾರಣದಿಂದ.

ಸಿಂಗಳೀಕ

ಎರಡನೆಯ ದಿನ ಬೆಳಿಗ್ಗೆ ಹಣ್ಣು ಬೀಳುವ ಸದ್ದು ಕೇಳಿಸಿತು. ಮೊದಲು ಕಂಡದ್ದು ಜೋತುಬಿದ್ದ ಒಂದು ಬಾಲ, ಅದರ ತುದಿಯಲ್ಲಿ ಕುಚ್ಚು. ಅನಂತರ ಕಪ್ಪು ಮೈ, ಮುಖದ ಸುತ್ತ ಬೂದುಬಿಳಿಯ ಕೇಸರ. ಹತ್ತು ಹನ್ನೆರಡು ಸಿಂಗಳೀಕಗಳು ಸದ್ದಿಲ್ಲದೆ ಮರದಿಂದ ಮರಕ್ಕೆ ದಾಟಿಹೋದವು. ಒಂದು ತಾಯಿ ಹೊಟ್ಟೆಗೆ ಮರಿಯನ್ನು ಅಂಟಿಸಿಕೊಂಡು ಕ್ಷಣ ನಿಂತು ನಮ್ಮನ್ನು ನೋಡಿತು. ಇಡೀ ದೃಶ್ಯ ಐದು ನಿಮಿಷವೂ ಇರಲಿಲ್ಲ.

ನಮ್ಮಲ್ಲಿ ಕೆಲವರು ತೋಟಕ್ಕೆ ಬರುವ ಮುಸಿಯವನ್ನೂ ಸಿಂಗಳೀಕವೆಂದು ಕರೆಯುವುದುಂಟು. ಎರಡೂ ಬೇರೆ. ಮುಸಿಯ ಬೂದು ಮೈಯ, ಕರಿಮುಖದ, ಉದ್ದ ಬಾಲದ ಎಲೆತಿನ್ನುವ ಕೋತಿ. ದೇಶದ ಅನೇಕ ಕಡೆ ಇದೆ. ಸಿಂಗಳೀಕ ಕರ್ನಾಟಕ, ಕೇರಳ, ತಮಿಳುನಾಡುಗಳ ಪಶ್ಚಿಮ ಘಟ್ಟ ಬಿಟ್ಟರೆ ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲ. ಕಾಡಿನಲ್ಲಿ ಉಳಿದಿರುವವು ಮೂರರಿಂದ ನಾಲ್ಕು ಸಾವಿರವೆಂದು ಅಂದಾಜು. ಹಣ್ಣು ಇದರ ಮುಖ್ಯ ಆಹಾರ, ಹುಳುಹುಪ್ಪಟೆಗಳನ್ನೂ ತಿನ್ನುತ್ತದೆ. ವರ್ಷದ ಹನ್ನೆರಡು ತಿಂಗಳೂ ಒಂದಲ್ಲ ಒಂದು ಹಣ್ಣು ಸಿಗುವ ಕಾಡು ಇದಕ್ಕೆ ಬೇಕು. ಅಂಥದ್ದು ನಿತ್ಯಹರಿದ್ವರ್ಣದ ಮಳೆಕಾಡು ಮಾತ್ರ.

ಇದು ನೆಲಕ್ಕಿಳಿಯುವುದು ಅಪರೂಪ; ಕೊಂಬೆಯಿಂದ ಕೊಂಬೆಗೆ ಹೋಗಿಯೇ ಬದುಕುತ್ತದೆ. ಹೆಣ್ಣು ಮರಿ ಹಾಕುವುದೂ ಬಲು ನಿಧಾನ, ಎರಡು ಮೂರು ವರ್ಷಕ್ಕೊಂದು. ಕಾಡಿನ ನಡುವೆ ಅಗಲವಾದ ರಸ್ತೆಯೋ ಬಯಲೋ ಬಂದು ಕೊಂಬೆಯ ದಾರಿ ಕಡಿದುಹೋದರೆ ಆ ಗುಂಪು ದ್ವೀಪದಲ್ಲಿ ಸಿಕ್ಕಿದಂತಾಯಿತು. 1980ರ ದಶಕದಲ್ಲಿ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ಕರ್ನಾಟಕದಲ್ಲಿ ಸಿಂಗಳೀಕಗಳ ಸಮೀಕ್ಷೆ ನಡೆಸಿದರು. ಕುದುರೆಮುಖದ ಕಾಡು ರಾಷ್ಟ್ರೀಯ ಉದ್ಯಾನವಾಗುವುದರಲ್ಲಿ ಆ ಕೆಲಸದ ಪಾಲು ದೊಡ್ಡದು. ಕೇರಳದಲ್ಲಿಯೂ ಕುಂತಿಪುಳ ನದಿಗೆ ಅಣೆಕಟ್ಟು ಕಟ್ಟುವ ಯೋಜನೆ ಕೈಬಿಟ್ಟು 1984ರಲ್ಲಿ ಸೈಲೆಂಟ್ ವ್ಯಾಲಿಯನ್ನು ರಾಷ್ಟ್ರೀಯ ಉದ್ಯಾನ ಮಾಡಿದಾಗ ಜನರ ಬಾಯಲ್ಲಿ ಇದ್ದದ್ದು ಇದೇ ಸಿಂಗಳೀಕದ ಹೆಸರು.

ಮಂಗಟ್ಟೆ ಮತ್ತು ಅತ್ತಿಯ ಸಂಸಾರ

ಹಳೆಯ ರೈಲು ಹೊಗೆ ಬಿಡುವಂತೆ ರೆಕ್ಕೆಯ ಸದ್ದು ಮಾಡುತ್ತಾ ಜೋಡಿ ಮಂಗಟ್ಟೆಗಳು ಕಣಿವೆ ದಾಟಿದವು. ಇದರ ಸಂಸಾರದ ರೀತಿ ಅಪೂರ್ವವಾದದ್ದು. ದೊಡ್ಡ ಮರದ ಪೊಟರೆಯಲ್ಲಿ ಹೆಣ್ಣು ಒಳಗೆ ಕುಳಿತು ಬಾಗಿಲನ್ನು ಹಿಕ್ಕೆ, ಹಣ್ಣಿನ ಚರಟಗಳಿಂದ ತಾನೇ ಮುಚ್ಚಿಕೊಳ್ಳುತ್ತದೆ. ಕೊಕ್ಕು ತೂರುವಷ್ಟು ಸೀಳು ಮಾತ್ರ ಬಿಟ್ಟಿರುತ್ತದೆ. ಒಳಗಿರುವಾಗ ಹಾರುವ ಗರಿಗಳೂ ಉದುರುತ್ತವೆ. ಮೂರು ನಾಲ್ಕು ತಿಂಗಳು ಗಂಡೇ ಹಣ್ಣು ತಂದು ಉಣಿಸಬೇಕು. ಗಂಡು ಬೇಟೆಗೆ ಬಲಿಯಾದರೆ ಒಳಗಿನ ಸಂಸಾರದ ಗತಿ ಏನೆಂದು ಹೇಳಬೇಕಾಗಿಲ್ಲ. ಪೊಟರೆ ಬೀಳುವಷ್ಟು ವಯಸ್ಸಾದ ಮರಗಳಿಲ್ಲದ ಕಡೆ ಮಂಗಟ್ಟೆ ಗೂಡು ಮಾಡಲಾರದು.

ಅತ್ತಿ, ಬಸರಿ, ಗೋಣಿ ಇವೆಲ್ಲ ಒಂದೇ ಕುಲದ ಮರಗಳು. ಇವುಗಳ ವಿಶೇಷವೇನೆಂದರೆ ಎಲ್ಲವೂ ಒಂದೇ ಕಾಲಕ್ಕೆ ಹಣ್ಣು ಬಿಡುವುದಿಲ್ಲ. ಬೇರೆ ಹಣ್ಣುಗಳು ಮುಗಿದ ದಿನಗಳಲ್ಲಿ ಯಾವುದೋ ಒಂದು ಅತ್ತಿಯೋ ಬಸರಿಯೋ ಹಣ್ಣಾಗಿರುತ್ತದೆ. ಮಂಗಟ್ಟೆ, ಕುಟ್ರು ಹಕ್ಕಿ, ಕೆಂಜಳಿಲು, ಸಿಂಗಳೀಕ, ಕಬ್ಬೆಕ್ಕು, ಬಾವಲಿ ಎಲ್ಲಕ್ಕೂ ಆಪತ್ಕಾಲದ ಅನ್ನಛತ್ರ ಅದೇ. ಇವು ತಿಂದ ಬೀಜವನ್ನು ಮೈಲಿಗಟ್ಟಲೆ ದೂರ ಬಿತ್ತುತ್ತವೆ. ಈ ಮರಗಳ ಹೂವಿಗೆ ಪರಾಗ ತಲುಪಿಸುವುದು ಎಳ್ಳುಕಾಳಿಗಿಂತ ಚಿಕ್ಕದಾದ ಒಂದು ಕಣಜ. ಆ ಕಣಜ ಇಲ್ಲದಿದ್ದರೆ ಅತ್ತಿಗೆ ಬೀಜವಿಲ್ಲ. ಅತ್ತಿ ಇಲ್ಲದಿದ್ದರೆ ಕಣಜವಿಲ್ಲ.

ನಮ್ಮ ಕಾಫಿ ತೋಟಗಳಲ್ಲಿ ಇದೇ ಮರಗಳು ನೆರಳಿಗಿದ್ದವು. ಈಗ ಅವುಗಳ ಜಾಗದಲ್ಲಿ ಬಹುಪಾಲು ಸಿಲ್ವರ್ ಓಕ್ ಇದೆ. ಆಸ್ಟ್ರೇಲಿಯಾದಿಂದ ಬಂದ ಈ ಮರ ಬೇಗ ಬೆಳೆಯುತ್ತದೆ, ಮೆಣಸಿಗೆ ಆಸರೆಯಾಗುತ್ತದೆ, ಮಾರಿದರೆ ಹಣವೂ ಬರುತ್ತದೆ. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅದರಲ್ಲಿ ತಿನ್ನುವ ಹಣ್ಣಿಲ್ಲ, ಅದರ ತರಗು ಬೇಗ ಕೊಳೆಯುವುದಿಲ್ಲ.

ಕಾಟಿ, ಹುಲಿ, ಹಾರುವ ಓತಿ

ಸಂಜೆ ಹುಲ್ಲುಬೆಟ್ಟದ ಅಂಚಿನಲ್ಲಿ ಏಳು ಕಾಟಿಗಳು ಮೇಯುತ್ತಿದ್ದವು. ಮೊಣಕಾಲಿನಿಂದ ಕೆಳಗೆ ಬಿಳಿ ಕಾಲುಚೀಲ ಹಾಕಿಕೊಂಡಂತೆ ಕಾಣುವ ಈ ಪ್ರಾಣಿಯ ಕೋಣ ಬಲಿತರೆ ಎಂಟು ನೂರು ಕಿಲೋಗೂ ಮೀರಿ ತೂಗಬಲ್ಲದು. ಕಡವೆಯ ಹೆಜ್ಜೆ, ಕಾಡುಹಂದಿ ಉತ್ತ ನೆಲ, ಮರದ ತೊಗಟೆಯ ಮೇಲೆ ಕರಡಿಯ ಉಗುರಿನ ಗೆರೆ ಕಂಡೆವು. ಚಿರತೆ, ಸೀಳುನಾಯಿ, ಹುಲಿ ಈ ಕಾಡಿನಲ್ಲಿವೆ. ಹುಲಿಯನ್ನು ಕಾಣುವ ಆಸೆಯಿಂದ ಯಾರೂ ಇಲ್ಲಿಗೆ ಹೋಗಬಾರದು. ಅದು ನಮ್ಮನ್ನು ಕಂಡರೂ ನಮಗೆ ಕಾಣಿಸುವುದು ದುರ್ಲಭ.

ಒಂದು ಪ್ರಾಣಿಯನ್ನು ನೋಡಲು ಮಾತ್ರ ಉದ್ಯಾನಕ್ಕೆ ಹೋಗಬೇಕಾಗಿಲ್ಲ. ಅದು ಹಾರುವ ಓತಿ. ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿಯವರು 1980ರಲ್ಲಿ ಪ್ರಕಟವಾದ 'ಕರ್ವಾಲೊ' ಕಾದಂಬರಿಯಲ್ಲಿ ಅದರ ಹುಡುಕಾಟವನ್ನೇ ಕಥೆ ಮಾಡಿದ್ದಾರೆ. ಉದ್ದವಾದ ಪಕ್ಕೆಲುಬುಗಳ ಮೇಲೆ ಚರ್ಮವನ್ನು ಕೊಡೆಯಂತೆ ಬಿಡಿಸಿ ಮರದಿಂದ ಮರಕ್ಕೆ ತೇಲುವ ಈ ಓತಿ ಅಡಿಕೆ ತೋಟಗಳಲ್ಲಿ ಸಾಕಷ್ಟಿದೆ. ಇರುವೆ ಇದರ ಮುಖ್ಯ ಆಹಾರ. ಬಿಸಿಲೇರಿದ ಮೇಲೆ ಅಡಿಕೆ ಮರದ ಕಾಂಡದ ಮೇಲೆ ಗಂಟಲಿನ ಹಳದಿ ಚೀಲವನ್ನು ಚಾಚಿ ಒಳಗೆಳೆಯುವ ಗಂಡನ್ನು ತಾಳ್ಮೆಯಿಂದ ಹುಡುಕಿ. ಮಕ್ಕಳಿಗೆ ತೋರಿಸಿ.

ಹುಲ್ಲುಬೆಟ್ಟ ಮತ್ತು ನೀರು

ಕುದುರೆಮುಖದ ಬೆಟ್ಟದ ನೆತ್ತಿಯಲ್ಲಿ ಮರವಿಲ್ಲ, ಹುಲ್ಲು ಮಾತ್ರ. ಎರಡು ಬೆಟ್ಟಗಳ ನಡುವಿನ ಮಡಿಲಲ್ಲಿ ಕುಳ್ಳು ಮರಗಳ ಒತ್ತಾದ ಕಾಡು. ಇದನ್ನು ಶೋಲೆ ಎನ್ನುತ್ತಾರೆ. ಹುಲ್ಲುಬೆಟ್ಟವನ್ನು ಪಾಳುಭೂಮಿ ಎಂದು ತಿಳಿಯುವುದು ತಪ್ಪು. ಹುಲ್ಲಿನ ಬೇರು ಮಳೆಯನ್ನು ಹಿಡಿದು ನೆಲಕ್ಕೆ ಇಳಿಸುತ್ತದೆ, ಅದು ಶೋಲೆಯ ಮಡಿಲಿನಲ್ಲಿ ಒಸರಾಗಿ ಹೊರಗೆ ಬರುತ್ತದೆ. ಆ ಒಸರೇ ಹಳ್ಳ, ಹಳ್ಳವೇ ಹೊಳೆ.

ವಾಚರು ಒಂದು ಸಣ್ಣ ಪ್ರಯೋಗ ತೋರಿಸಿದರು. ಕಾಡಿನ ನೆಲದ ಮೇಲೆ ಒಂದು ಬಾಟಲಿ ನೀರು ಸುರಿದರು. ತರಗೆಲೆಯ ಕೆಳಗೆ ಅದು ಮಾಯವಾಯಿತು. ಜನ ತುಳಿದು ಗಟ್ಟಿಯಾದ ಕಾಲುದಾರಿಯ ಮೇಲೆ ಅಷ್ಟೇ ನೀರು ಸುರಿದರು. ಅದು ಕೆಂಪಾಗಿ ಹರಿದು ನಮ್ಮ ಬೂಟಿನ ಪಕ್ಕದಲ್ಲಿ ಇಳಿದುಹೋಯಿತು. ಹಾಗೆ ಕಾಡು ಮಳೆಗಾಲದ ನೀರನ್ನು ಬೇಸಿಗೆಯ ಖಾತೆಗೆ ಜಮಾ ಮಾಡುತ್ತದೆ. ಬೋಳುನೆಲ ಬಂದ ದಿನವೇ ಖರ್ಚು ಮಾಡುತ್ತದೆ.

ಗಣಿಯ ಕಥೆ

ದಾರಿಯಲ್ಲಿ ಬಹುಮಟ್ಟಿಗೆ ಖಾಲಿಯಾದ ಕುದುರೆಮುಖ ಪಟ್ಟಣ ಸಿಗುತ್ತದೆ. ಇರಾನಿಗೆ ಅದಿರು ಒದಗಿಸುವ ಒಪ್ಪಂದದ ಮೇಲೆ ಕುದುರೆಮುಖ ಕಬ್ಬಿಣ ಅದಿರು ಕಂಪನಿ ಸ್ಥಾಪನೆಯಾದದ್ದು 1976ರಲ್ಲಿ. 1979ರ ಕ್ರಾಂತಿಯ ನಂತರ ಆ ಒಪ್ಪಂದ ಬಿದ್ದುಹೋಗಿ ಅದಿರು ಬೇರೆ ದೇಶಗಳಿಗೆ ಹೋಯಿತು. ಅದಿರನ್ನು ಪುಡಿಮಾಡಿ ನೀರಿನಲ್ಲಿ ಬೆರೆಸಿ ಸುಮಾರು 67 ಕಿಲೋಮೀಟರು ಉದ್ದದ ಕೊಳವೆಯಲ್ಲಿ ಮಂಗಳೂರಿಗೆ ಹರಿಸುತ್ತಿದ್ದರು. ಉಳಿದ ಕೆಸರನ್ನು ತಡೆಯಲು ಲಕ್ಯಾ ಹಳ್ಳಕ್ಕೆ ಅಣೆಕಟ್ಟು ಕಟ್ಟಿದರು. ಪಟ್ಟಣಕ್ಕೆ ಶಾಲೆ, ಆಸ್ಪತ್ರೆ ಬಂತು. ನೂರಾರು ಸಂಸಾರಗಳಿಗೆ ಅನ್ನವಾಯಿತು. ಅದೂ ನಿಜ. ಮಳೆಗಾಲದಲ್ಲಿ ಭದ್ರೆಗೆ ಗಣಿಯ ಹೂಳು ಇಳಿದದ್ದೂ ನಿಜ. ಗುತ್ತಿಗೆಯ ಅವಧಿ 1999ರಲ್ಲಿ ಮುಗಿದಿತ್ತು. 2002ರಲ್ಲಿ ಸುಪ್ರೀಂ ಕೋರ್ಟು ಗಣಿಯನ್ನು ಮುಚ್ಚಬೇಕೆಂದು ತೀರ್ಪು ಕೊಟ್ಟಿತು. 2005ರ ಕೊನೆಗೆ ಗಣಿಗಾರಿಕೆ ನಿಂತಿತು.

ಅಗೆದ ಬೆಟ್ಟದ ಮೆಟ್ಟಿಲುಗಳು ಇಂದಿಗೂ ಕಾಣುತ್ತವೆ. ಸುತ್ತಲೂ ಪ್ರಪಂಚದಲ್ಲೇ ಸಮೃದ್ಧವಾದ ಮಳೆ; ಆದರೂ ಕಾಡು ತಾನಾಗಿ ಹಿಂತಿರುಗಿ ಬಂದಿಲ್ಲ. ಮೇಲಿನ ಕಪ್ಪುಮಣ್ಣು ಹೋದ ಮೇಲೆ ಮಳೆಯೊಂದರಿಂದ ಕಾಡಾಗುವುದಿಲ್ಲ.

ನಾನು ಮಾಡಿದ ತಪ್ಪು

ಇಷ್ಟೆಲ್ಲ ಬರೆದ ಮೇಲೆ ಒಂದು ವಿಷಯ ಮುಚ್ಚಿಟ್ಟರೆ ಅದು ಪಾಠವಾಗುವುದಿಲ್ಲ. ನಮ್ಮ ಅಡಿಕೆ ತೋಟದ ಮೇಲ್ಭಾಗದಲ್ಲಿ, ಹಳ್ಳದ ತಲೆಯಲ್ಲಿ, ಎರಡು ಎಕರೆ ಹಳೆಯ ಮರಗಳ ಜಾಗ ಇತ್ತು. 1998ರಲ್ಲಿ ಮೆಣಸಿಗೆ ಒಳ್ಳೆಯ ಬೆಲೆ ಬಂದಿತ್ತು. ನಾನು ಕೃಷಿ ಪದವಿ ಪಡೆದು ಮನೆಗೆ ಬಂದ ಹುರುಪಿನಲ್ಲಿದ್ದೆ. ಪರವಾನಗಿ ಪಡೆದೇ ಆ ಮರಗಳನ್ನು ತೆಗೆಸಿ, ಗುಡಿಸಿ, ಸಿಲ್ವರ್ ಓಕ್ ನೆಟ್ಟು ಮೆಣಸು ಹಬ್ಬಿಸಿದೆ. ಅಪ್ಪ ಒಂದೇ ಮಾತು ಹೇಳಿದ್ದರು: "ಹಳ್ಳದ ತಲೆ ಬೋಳಿಸ್ಬೇಡ ಮಗ." ಓದಿದವನಿಗೆ ಆ ಮಾತು ಹಳೆಗಾಲದ್ದಾಗಿ ಕೇಳಿತು.

ಮೊದಲ ಕೆಲವು ವರ್ಷ ಮೆಣಸು ಬಂತು. ಅನಂತರ ರೋಗವೂ ಬಂತು. ಹೂಮಳೆಯವರೆಗೆ ಹರಿಯುತ್ತಿದ್ದ ಹಳ್ಳ ಶಿವರಾತ್ರಿಗೆ ನಿಲ್ಲತೊಡಗಿತು. ಈಗ ಸಂಕ್ರಾಂತಿ ಕಳೆದು ಹದಿನೈದು ದಿನಕ್ಕೆ ನಿಲ್ಲುತ್ತದೆ. ಕೊಳವೆಬಾವಿ ಎರಡು ತೆಗೆಸಿದೆ. ಒಂದರಲ್ಲಿ ಧೂಳು ಬಂತು, ಇನ್ನೊಂದು ಮಾರ್ಚ್‌ಗೆ ಉಸಿರು ಬಿಡುತ್ತದೆ. ಅಪ್ಪ ತೀರಿಕೊಳ್ಳುವ ವರ್ಷ ಬೇಸಿಗೆಯಲ್ಲಿ ನೆತ್ತಿ ಬಾಡಿದ ಅಡಿಕೆ ಮರಗಳನ್ನು ನೋಡಿದರು. ಏನೂ ಅನ್ನಲಿಲ್ಲ.

ಎಲ್ಲಕ್ಕೂ ಆ ಎರಡು ಎಕರೆಯೇ ಕಾರಣವೆಂದು ನಾನು ಹೇಳುವುದಿಲ್ಲ. ಮಳೆ ಬೀಳುವ ರೀತಿ ಬದಲಾಗಿದೆ, ಮೇಲ್ಭಾಗದಲ್ಲಿ ಪಂಪುಗಳು ಹೆಚ್ಚಿವೆ. ಆದರೆ ನಮ್ಮ ಪಕ್ಕದ ಹಳ್ಳಕ್ಕೂ ಅದೇ ಮಳೆ, ಅದೇ ಇಳಿಜಾರು. ಅದರ ತಲೆಯಲ್ಲಿ ದೇವರಕಾಡು ಉಳಿದಿದೆ. ಅದು ಇಂದಿಗೂ ಏಪ್ರಿಲ್‌ವರೆಗೆ ಹರಿಯುತ್ತದೆ. ಬೇರೆ ಸಾಕ್ಷಿ ನನಗೆ ಬೇಕಾಗಿಲ್ಲ.

ಪ್ರವಾಸದಿಂದ ಬಂದ ಮೇಲೆ ಎರಡು ಕಡೆಯೂ ಡಬ್ಬಿ ಪರೀಕ್ಷೆ ಮಾಡಿದೆ. ಎರಡೂ ತುದಿ ಕತ್ತರಿಸಿದ ತಗಡಿನ ಡಬ್ಬಿಯನ್ನು ನೆಲಕ್ಕೆ ಎರಡು ಇಂಚು ಬಡಿದು ಕೂರಿಸಿ, ಒಂದು ಲೀಟರು ನೀರು ಹಾಕಿ, ಎಷ್ಟು ಹೊತ್ತಿಗೆ ಇಂಗುತ್ತದೆಂದು ನೋಡುವುದು. ದೇವರಕಾಡಿನ ಅಂಚಿನಲ್ಲಿ ಗಡಿಯಾರ ನೋಡುವಷ್ಟರಲ್ಲಿ ನೀರು ಇಂಗಿತ್ತು. ನನ್ನ ಇಳಿಜಾರಿನಲ್ಲಿ ಒಂದು ಕವಳ ಹಾಕಿ ಮುಗಿಸಿದರೂ ಡಬ್ಬಿಯಲ್ಲಿ ನೀರಿತ್ತು. ಖರ್ಚಿಲ್ಲದ ಪರೀಕ್ಷೆ. ಪ್ರತಿಯೊಬ್ಬರೂ ತಮ್ಮ ತೋಟದಲ್ಲಿ ಮಾಡಿ ನೋಡಬೇಕೆಂದು ಕೋರುತ್ತೇನೆ.

ಒಂದು ಆಕ್ಷೇಪಣೆ

"ಕಾಟಿ ಬೇಲಿ ಮುರಿಯುತ್ತದೆ, ಮಂಗ ಎಳೆಯ ಅಡಿಕೆ ಉದುರಿಸುತ್ತದೆ, ಹಂದಿ ಗದ್ದೆ ಉಳುತ್ತದೆ. ಪರಿಹಾರದ ಹಣ ಬರುವಷ್ಟರಲ್ಲಿ ಇನ್ನೊಂದು ಬೆಳೆ ಹೋಗಿರುತ್ತದೆ. ನೀವು ಕಾಡು ಬೆಳೆಸಿ ಅನ್ನುತ್ತೀರಿ!" ಎಂದು ಅನೇಕರು ಕೇಳುತ್ತಾರೆ. ಉದ್ಯಾನದೊಳಗೆ ತಲೆಮಾರುಗಳಿಂದ ಇದ್ದ ಸಂಸಾರಗಳಲ್ಲಿ ಕೆಲವು ಪರಿಹಾರ ಪಡೆದು ಹೊರಗೆ ಹೋಗಿವೆ, ಕೆಲವು ರಸ್ತೆ, ವಿದ್ಯುತ್ತಿಗಾಗಿ ಕಾದು ಅಲ್ಲಿಯೇ ಇವೆ. 2011ರ ಗಾಡ್ಗೀಳ್ ವರದಿ, 2013ರ ಕಸ್ತೂರಿರಂಗನ್ ವರದಿ ಬಂದಾಗ ನಮ್ಮಲ್ಲಿ ಎದ್ದ ಭಯವೂ ಸುಳ್ಳಲ್ಲ. ಕಾಡು ಉಳಿಸುವ ಭಾರವನ್ನು ಕಾಡಿನಂಚಿನವರ ತಲೆಗೇ ಹೊರಿಸುವುದು ನ್ಯಾಯವಲ್ಲವೆಂದು ನಾನೂ ಸಭೆಗಳಲ್ಲಿ ಹೇಳುತ್ತಲೇ ಬಂದಿದ್ದೇನೆ, ಮುಂದೆಯೂ ಹೇಳುತ್ತೇನೆ.

ಆದರೆ ನ್ಯಾಯ ಕೇಳುವುದು ಬೇರೆ, ನಮ್ಮ ಬಾವಿಗೆ ನಾವೇ ಮಣ್ಣು ಹಾಕಿಕೊಳ್ಳುವುದು ಬೇರೆ. ಸರ್ಕಾರ ಹೇಳಿದ್ದಕ್ಕಾಗಿ ಅಲ್ಲ, ನಮ್ಮ ಹಳ್ಳಕ್ಕಾಗಿ ಮಾಡಬೇಕಾದ ಕೆಲಸ ಕೆಲವು ಇವೆ.

ನಾವು ಮಾಡಬಹುದಾದದ್ದು

1. ಹಳ್ಳದ ತಲೆಯಲ್ಲಿ, ದಂಡೆಯಲ್ಲಿ ಉಳಿದಿರುವ ಕಾಡುಮರಗಳನ್ನು ಕಡಿಯಬೇಡಿ. ತರಗು ಗುಡಿಸಬೇಡಿ.

2. ಸಿಲ್ವರ್ ಓಕನ್ನು ಒಮ್ಮೆಲೇ ತೆಗೆಯಬೇಕಾಗಿಲ್ಲ. ಮಾರುವಾಗ ತೆರವಾಗುವ ಜಾಗಕ್ಕೆ ಅತ್ತಿ, ಬಸರಿ, ಗೋಣಿ, ಹಲಸು, ನೇರಳೆಗಳ ಸಸಿ ನೆಡಿ. ಅರೇಬಿಕದಲ್ಲಿ ನೆರಳು ತೆಳುವಾದ ಕಡೆ ಬಿಳಿ ಕಾಂಡಕೊರಕದ ಹಾವಳಿ ಹೆಚ್ಚೆಂಬುದು ಅನುಭವದ ಮಾತು.

3. ರೋಬಸ್ಟ ಹೂವಿಗೆ ಬೇರೆ ಗಿಡದ ಪರಾಗ ಬೇಕು. ಗಾಳಿಯ ಜೊತೆಗೆ ಹೆಜ್ಜೇನು, ತುಡುವೆ ಜೇನುಗಳು ಆ ಕೆಲಸ ಮಾಡುತ್ತವೆ. ಹೆಜ್ಜೇನು ಕಟ್ಟುವ ಹೆಮ್ಮರಗಳನ್ನು ಉಳಿಸಿ. ಹೂ ಅರಳಿದ ದಿನಗಳಲ್ಲಿ ಕೀಟನಾಶಕ ಹೊಡೆಯಬೇಡಿ.

4. ಇಳಿಜಾರಿನಲ್ಲಿ ಕಾಫಿ ಸಾಲುಗಳ ನಡುವೆ ಇಂಗುಗುಂಡಿ ತೆಗೆಸುವ ಹಳೆಯ ಪದ್ಧತಿಯನ್ನು ಬಿಡಬೇಡಿ.

ನಾನು ನನ್ನ ಎರಡು ಎಕರೆಯಲ್ಲಿ ಈಗಾಗಲೇ ಆರಂಭಿಸಿದ್ದೇನೆ. ಸಂಘದ ಮೂಲಕ ಸಿಲ್ವರ್ ಓಕ್ ಸಸಿಗಳ ಜೊತೆಗೆ ನಾಡಮರಗಳ ಸಸಿಗಳನ್ನೂ ಬೆಳೆಸಿ ಹಂಚಬೇಕೆಂಬ ಸಲಹೆಯನ್ನು ಮುಂದಿನ ಮಹಾಸಭೆಯ ಮುಂದೆ ಇಡಲಿದ್ದೇನೆ. ಪರವಾಗಲಿ ವಿರೋಧವಾಗಲಿ, ಸದಸ್ಯರು ಬಂದು ಮಾತನಾಡಬೇಕು.

ಹೋಗುವವರಿಗೆ ಸೂಚನೆಗಳು

ಮುಂದಿನ ವರ್ಷವೂ ಪ್ರವಾಸ ಏರ್ಪಡಿಸುವ ಯೋಚನೆಯಿದೆ. ಚಾರಣಕ್ಕೆ ಅರಣ್ಯ ಇಲಾಖೆಯ ಅನುಮತಿ ಮುಂಚಿತವಾಗಿ ಪಡೆಯಬೇಕು. ವಾಚರು ಅಥವಾ ಮಾರ್ಗದರ್ಶಕರಿಲ್ಲದೆ ಹೋಗಕೂಡದು. ಇಂಬಳಕ್ಕೆ ಉದ್ದ ಕಾಲುಚೀಲ ಹಾಕಿಕೊಂಡು ಸುಣ್ಣ, ಹೊಗೆಸೊಪ್ಪು ಅಥವಾ ಉಪ್ಪಿನ ಗಂಟು ಜೊತೆಗಿಟ್ಟುಕೊಳ್ಳಿ. ಬಿಸಿಲುಗಾಲದಲ್ಲಿ ಉಣುಗಿನ ಕಾಟವಿರುತ್ತದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನ ಕಾಡಿನಲ್ಲಿ ಮೊದಲು ಗುರುತಿಸಲಾದ ಮಂಗನ ಕಾಯಿಲೆ ಉಣುಗಿನಿಂದಲೇ ಹರಡುತ್ತದೆ. ಸತ್ತ ಮಂಗ ಕಂಡರೆ ಮುಟ್ಟದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಕಾಳಿಂಗ ಸರ್ಪ ಕಂಡರೆ ದೂರ ನಿಂತು ದಾರಿ ಬಿಡಿ. ಅದು ಮುಖ್ಯವಾಗಿ ಬೇರೆ ಹಾವುಗಳನ್ನು ತಿಂದು ಬದುಕುವುದು. ತಾನಾಗಿ ಮೈಮೇಲೆ ಬರುವುದಿಲ್ಲ. ಕಾಟಿಯ ಫೋಟೋ ತೆಗೆಯಲು ಹತ್ತಿರ ಹೋಗಬೇಡಿ. ಮಂಗಗಳಿಗೆ ಬಿಸ್ಕತ್ತು, ಬಾಳೆಹಣ್ಣು ಎಸೆಯಬೇಡಿ. ರಸ್ತೆಗೆ ಬರುವುದನ್ನು ಕಲಿತ ಪ್ರಾಣಿ ವಾಹನಕ್ಕೆ ಸಿಕ್ಕಿ ಸಾಯುತ್ತದೆ. ಬೀಡಿ, ಬೆಂಕಿಪೊಟ್ಟಣ ಮನೆಯಲ್ಲೇ ಇರಲಿ. ತಂದ ಪ್ಲಾಸ್ಟಿಕ್ ಎಲ್ಲವೂ ವಾಪಸು ಬರಬೇಕು.

ಹಿಂತಿರುಗಿದ ದಿನ ಸಂಜೆ ನಾನು ಹಳ್ಳದ ತಲೆಗೆ ಹೋಗಿ ನಿಂತಿದ್ದೆ. ಕಡಿಸುವಾಗ ಬಂಡೆಯ ಸಂದಿಯಲ್ಲಿ ತಪ್ಪಿಸಿಕೊಂಡ ಒಂದು ಬಸರಿಯ ಚಿಗುರು ಈಗ ಇಪ್ಪತ್ತೈದು ಅಡಿಯ ಮರವಾಗಿದೆ. ಇಷ್ಟು ವರ್ಷ ಅದರ ಕೆಳಗೇ ಓಡಾಡಿದ್ದರೂ ಕತ್ತೆತ್ತಿ ನೋಡಿರಲಿಲ್ಲ. ಅಂದು ಅದರಡಿ ಹಣ್ಣು ಬೀಳುವ ಸದ್ದು ಕೇಳಿಸಿತು. ನೋಡಿದರೆ ಎರಡು ಕುಟ್ರು ಹಕ್ಕಿಗಳು.

— ಕಾರ್ಯದರ್ಶಿ